ಹುಳಿಕಾಪಿ

ನಮ್ಮ ಅಡುಗೆಮನೆಯ ಮೊಳೆಗೆ ಒಂದು ಖಾಲಿ ಚೀಲ ನೇತುಹಾಕಿದ್ದೇನೆ. ಅಂಗೈ ಅಗಲದ ಕಂದು ಕಾಗದದ ಚೀಲ. ಅದಕ್ಕೊಂದು ಹೊಕ್ಕುಳಿದೆ. ಸುಳ್ಳಲ್ಲ, ಗುಂಡಗೆ, ನಡುವೆ ಸೂಜಿ ಚುಚ್ಚಿದಷ್ಟು ತೂತು. ಚೀಲವನ್ನು ಒತ್ತಿದರೆ ಹೊಕ್ಕುಳಿನಿಂದ ಉಸಿರು ಬರುತ್ತದೆ. ಒಳಗಿನ ಕಾಪಿ ಮುಗಿದು ಎರಡು ತಿಂಗಳಾಯಿತು, ಉಸಿರು ಇನ್ನೂ ಮುಗಿದಿಲ್ಲ. ದಿನಾ ಬೆಳಿಗ್ಗೆ ಒಂದು ಸಲ ಒತ್ತಿ ನೋಡುತ್ತೇನೆ. ಅದರಲ್ಲಿ ಸಾಸಿವೆ ಹಾಕಿಡೋಣ ಎಂದಳು ಸೊಸೆ. ಬೇಡ ಎಂದೆ. ಯಾಕೆ ಎಂದಳು. ಯಾಕೆ ಎಂದು ಹೇಳಲು ಕೂತರೆ ಅನ್ನ ಸೀಯುತ್ತದೆ, ಹೇಳಲಿಲ್ಲ. ನಿಮ್ಮ ಒಲೆಯ ಮೇಲೆ ಈಗ ಏನೂ ಇಲ್ಲ ಎಂದುಕೊಂಡು ಹೇಳುತ್ತೇನೆ.

ಇದು ಶುರುವಾದದ್ದು ಹಲ್ಲಿನಿಂದ. ನನ್ನ ಮಗನ ಮಗಳು ಭುವನಾ ಚೆನ್ನೈಯಲ್ಲಿ ಹಲ್ಲಿನ ಸೆಟ್ಟು ಮಾಡುವ ಕಡೆ ಕೆಲಸದಲ್ಲಿದ್ದಾಳೆ. ಊರವರಿಗೆಲ್ಲ ಹಲ್ಲು ಮಾಡಿ ಕೊಡುವವಳು, ಅಪ್ಪನ ಅವ್ವ ಬೊಚ್ಚುಬಾಯಿ ಬಿಟ್ಟುಕೊಂಡು ಕೂತಿದ್ದರೆ ಅವಳಿಗೆ ಅವಮಾನ. ತೇನಿ ಕಡೆಯ ನಮ್ಮೂರು ಕೊಂಬೈಗೆ ಬಂದು ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋದಳು. ನನ್ನನ್ನು ಅವಳು ಅಪ್ಪತ್ತಾ ಎನ್ನುತ್ತಾಳೆ, ತಮಿಳಿನವರ ಹಾಗೆ. ನಮ್ಮ ಮನೆಮಾತು ಕನ್ನಡ, ಅವಳಿಗೆ ತಿಳಿಯುತ್ತದೆ. ಆಡಲು ಹೋದರೆ ನಾಲ್ಕು ಮಾತಿಗೆ ಎರಡು ತಮಿಳಿಗೆ ಜಾರುತ್ತದೆ. ನಾನೇನೂ ಬೈಯುವುದಿಲ್ಲ. ನನ್ನ ಓದು ಮೂರನೇ ಕ್ಲಾಸು, ಅದೂ ತಮಿಳಿನಲ್ಲಿ. ಮನೆಮಾತು ನಮಗೆಲ್ಲ ಬಾಯಲ್ಲೇ ಇದ್ದದ್ದು, ಬಾಯಲ್ಲಿ ಹಲ್ಲೇ ನಿಲ್ಲಲಿಲ್ಲ.

ಹಲ್ಲು ಒಂದು ದಿನದಲ್ಲಿ ಆಗುವುದಿಲ್ಲವಂತೆ. ಒಂದು ದಿನ ಮೇಣ ಕಚ್ಚಿಸುತ್ತಾರೆ, ವಾರ ಬಿಟ್ಟು ಇನ್ನೊಂದು ಕಚ್ಚಿಸುತ್ತಾರೆ. ಹೀಗೆ ನಾಲ್ಕು ವಾರ. ನಡುವಿನ ದಿನಗಳಲ್ಲಿ ಮುದುಕಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಸಮುದ್ರ ತೋರಿಸಿದಳು. ದೊಡ್ಡದಾಗಿತ್ತು. ಅಷ್ಟೇ. ಆಮೇಲೆ ಕಾಪಿ ಅಂಗಡಿಗೆ ಕರೆದುಕೊಂಡು ಹೋದಳು.

ಮೊದಲ ಅಂಗಡಿಗೆ ಕಾಲಿಟ್ಟಾಗ ಇದೂ ಹಲ್ಲಿನ ಆಸ್ಪತ್ರೆಯೇ ಇರಬೇಕು ಎಂದುಕೊಂಡೆ. ಗಾಜಿನ ಬುರುಡೆ, ಗಾಜಿನ ಕೊಳವೆ, ಪುಟ್ಟ ತಕ್ಕಡಿ, ಮೈಮುಂದೆ ಬಟ್ಟೆ ಕಟ್ಟಿಕೊಂಡ ಜನ, ಮಾತಿಲ್ಲ.

"ಇಲ್ಲಿ ಏನ್ ಪರೀಕ್ಷೆ ಮಾಡ್ತಾರೆ?" ಎಂದೆ.

"ಕಾಪಿ ಅಪ್ಪತ್ತಾ. ಕುಡಿಯೋ ಕಾಪಿ."

ತಂದಿಟ್ಟರು. ಕಪ್ಪಗೂ ಇಲ್ಲ, ಕೆಂಪಗೆ, ತಳ ಕಾಣುವ ನೀರು. ಹಾಲೆಲ್ಲಿ ಎಂದೆ.

"ಹಾಲು ಹಾಕಿದ್ರೆ ರುಚಿ ತೆರಿಯಾದು ಅಪ್ಪತ್ತಾ."

"ರುಚಿ ಗೊತ್ತಾಗಬಾರದು ಅಂತ ತಾನೇ ಹಾಲು ಹಾಕೋದು."

ಅವಳು ತಲೆ ಚಚ್ಚಿಕೊಂಡಳು. ಆದರೆ ನಾನು ಹೇಳಿದ್ದು ತಮಾಷೆಗಲ್ಲ. ನಾನು ಹುಟ್ಟಿದ್ದು ಆಂಡಿಪಟ್ಟಿ ಕಡೆಯ ಒಣಭೂಮಿಯಲ್ಲಿ. ನಮ್ಮಲ್ಲಿ ಕಾಪಿ ಎಂದರೆ ಔಷಧ. ಜ್ವರ ಬಂದವರಿಗೆ ಮಾತ್ರ. ಅವ್ವ ಕರುಪಟ್ಟಿ, ಎಂದರೆ ತಾಳೆಬೆಲ್ಲ, ಒಡೆದು ಕುದಿಸಿ, ಮೆಣಸು, ಕೊತ್ತಂಬರಿ ಬೀಜ ಜಜ್ಜಿ ಹಾಕಿ, ಕೊನೆಗೆ ಒಂದು ಚಿಟಿಕೆ ಕಾಪಿಪುಡಿಯನ್ನು ವಿಭೂತಿಯ ಹಾಗೆ ಉದುರಿಸುತ್ತಿದ್ದಳು. ಆ ಲೋಟಕ್ಕಾಗಿ ನಾನು ಜ್ವರ ಬರಲಿ ಎಂದು ಹೊಂಡದ ನೀರಲ್ಲಿ ಕೂತದ್ದುಂಟು. ಜ್ವರ ಬರಲಿಲ್ಲ, ಜಿಗಣೆ ಹತ್ತಿತು. ಅವ್ವನ ಕೈಯ ಪೆಟ್ಟು ಬೇರೆ.

ಕಾಪಿ ಗಿಡವನ್ನು ಕಣ್ಣಲ್ಲಿ ಕಂಡದ್ದು ಕೊಂಬೈಗೆ ಮದುವೆಯಾಗಿ ಬಂದ ಮೇಲೆ. ನಮ್ಮ ಮಾವನಿಗೆ ಕೆಳಗೆ ಹುಣಸೆ ಮರಗಳು, ಈರುಳ್ಳಿ ಹೊಲ, ಬೆಟ್ಟದ ಮೇಲೆ ಒಂದಿಷ್ಟು ಕಾಪಿ ತೋಟ. ಮೊದಲ ಸಲ ಮೇಲೆ ಹೋದಾಗ ಗಿಡದ ತುಂಬ ಬಿಳಿ ಹೂವು. ಮಲ್ಲಿಗೆಗಿಂತ ಚೆನ್ನಾದ ವಾಸನೆ. ನಾನು ಎರಡು ಗಿಡದ ಹೂವು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಮುಡಿದುಕೊಂಡು ಎಲ್ಲರ ಮುಂದೆ ಬಂದು ನಿಂತೆ. ಮಾವ ಬೇರೆ ಕಡೆ ನೋಡಿದರು. ನನ್ನ ವಾರಗಿತ್ತಿ ಬೊಮ್ಮಕ್ಕ, ನನ್ನ ಗಂಡನ ಅಣ್ಣನ ಹೆಂಡತಿ, ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಹೇಳಿದಳು:

"ನೋಡ್ರೀ, ಮನೆಗೆ ಬಂದ ಸೊಸೆ. ಒಂದು ಮೂಟೆ ಕಾಪಿ ತಲೆ ಮೇಲೆ ಇಟ್ಕೊಂಡು ನಿಂತವ್ಳೆ."

ಹೂವಿಗೊಂದು ಕಾಯಿ ಎಂಬುದು ನನಗೆ ಅಂದು ಗೊತ್ತಾಯಿತು. ಬೊಮ್ಮಕ್ಕನ ನಾಲಿಗೆಯೂ ಅಂದೇ ಗೊತ್ತಾಯಿತು.

ಆಮೇಲೆ ಕಲಿತೆ. ಹೊಗಳಿಕೊಳ್ಳುವುದಲ್ಲ, ಒಣಗಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಬೆಟ್ಟದಲ್ಲಿ ಇರಲಿಲ್ಲ. ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಆಗ ಹಲ್ಲಿತ್ತು, ಇನ್ನು ಒಂದು ಬಿಸಿಲು ಸಾಕು, ಎರಡು ಬೇಕು ಎಂದು ಹೇಳುತ್ತಿದ್ದೆ. ಮಾವ ನಾನು ಹೇಳಿದ ಮೇಲೆಯೇ ಮೂಟೆ ಕಟ್ಟಿಸುತ್ತಿದ್ದರು. ಅಡುಗೆಯಲ್ಲಿ ನಾನು ಅಷ್ಟಕ್ಕಷ್ಟೆ, ಹಾಡು ಬಾರದು, ಮುಖವೂ ಅಂಥದ್ದೇನಲ್ಲ. ಬಂದದ್ದು ಇದೊಂದು. ಅದೂ ಐದು ವರ್ಷ ಇತ್ತು, ಆಮೇಲೆ ಹೋಯಿತು. ಹೇಗೆ ಹೋಯಿತು ಎಂಬುದಕ್ಕೆ ಮತ್ತೆ ಚೆನ್ನೈಗೇ ಬರಬೇಕು.

ಮೊದಲ ಅಂಗಡಿಯ ಕಾಪಿಯನ್ನು ನಾನು ಮರ್ಯಾದೆಗೆ ಕುಡಿದೆ. ಎರಡನೆಯ ಅಂಗಡಿಯಲ್ಲಿ ಹಾಲಿನ ಮೇಲೆ ಎಲೆಯ ಚಿತ್ರ ಬಿಡಿಸಿಕೊಟ್ಟರು. ಚಿತ್ರ ಕೆಡುತ್ತದೆಂದು ಕುಡಿಯದೆ ಕೂತೆ, ಆರಿಹೋಯಿತು. ಮೂರನೆಯ ಅಂಗಡಿಗೆ ಹೋದದ್ದು ಮೇಣ ಕಚ್ಚಿಸಿಕೊಂಡು ಬಂದ ದಿನ. ಬಾಯೆಲ್ಲ ಮೇಣದ ರುಚಿ. ಅಲ್ಲಿ ಕಟ್ಟೆಯ ಹಿಂದೆ ಇಪ್ಪತ್ತೈದರ ಆಸುಪಾಸಿನ ಹೆಂಗಸು, ಸೆಲ್ವಿ ಎಂದು ಹೆಸರು, ಒಬ್ಬರಿಗೆ ಕಾಪಿ ಇಳಿಸುತ್ತಿದ್ದಳು. ಅವಳ ಕೈ ನೋಡುತ್ತ ನಾನು ನಿಂತುಬಿಟ್ಟೆ.

ಪುಡಿಯನ್ನು ತೂಗಿದಳು. ಅದು ಸರಿ, ಎಲ್ಲರೂ ತೂಗುತ್ತಾರೆ. ಆಮೇಲೆ ನೀರನ್ನು ತೂಗಿದಳು. ನೀರು ತೂಗುವವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೊಕ್ಕರೆ ಕತ್ತಿನಂಥ ಮೂತಿಯ ಕೆಟಲು. ಅದರಿಂದ ದಾರದಷ್ಟು ನೀರು ಪುಡಿಯ ಮೇಲೆ ಸುತ್ತಿ ಸುತ್ತಿ ಬಿಟ್ಟು, ನಿಲ್ಲಿಸಿ, ಗಡಿಯಾರ ನೋಡಿದಳು. ಪುಡಿ ಉಬ್ಬಿತು, ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಮತ್ತೆ ನೀರು. ಕೆಳಗಿನ ಗಾಜಿಗೆ ಒಂದೊಂದಾಗಿ ತೊಟ್ಟಿಕ್ಕತೊಡಗಿತು. ಅಂಗಡಿಯಲ್ಲಿ ಹತ್ತು ಜನ ಇದ್ದರೂ ಅದು ಬೀಳುವ ಸದ್ದು ಕೇಳುತ್ತಿತ್ತು. ನಾವು ಬೆಟ್ಟದ ಮೇಲೆ ಇದೇ ಬೀಜವನ್ನು ಸಲಿಕೆಯಲ್ಲಿ ಎಳೆದು, ಕಾಲಲ್ಲಿ ತುಳಿದು, ಮೂಟೆಯ ಮೇಲೆ ಕೂತು ಜೀಪಿನಲ್ಲಿ ಇಳಿದಿದ್ದೆವು. ಆ ಬೀಜಕ್ಕೆ ಇಲ್ಲಿ ಇಂಥ ಉಪಚಾರ ಕಾದಿದೆ ಎಂದು ಯಾರಿಗೆ ಗೊತ್ತಿತ್ತು.

ನನ್ನ ಸರದಿ ಬಂತು. ಸೆಲ್ವಿ ತಲೆ ಎತ್ತಿ ತಮಿಳಿನಲ್ಲಿ ಕೇಳಿದಳು:

"ಪಾಟ್ಟಿ, ವಾಶ್ಡ್ ವೇಣುಮಾ, ಹನಿ ವೇಣುಮಾ?"

ನನಗೆ ಮೈ ಜುಂ ಎಂದಿತು. ತಮಿಳಿನವರು ಹನಿ ಎನ್ನುವುದಿಲ್ಲ, ತುಳಿ ಎನ್ನುತ್ತಾರೆ. ಹನಿ ಎಂಬುದು ನಮ್ಮ ಹೊಸ್ತಿಲಿನೊಳಗಿನ ಮಾತು. ಎದುರಿಗೆ ಕಾಪಿ ಹನಿಹನಿಯಾಗಿ ಬೀಳುತ್ತಿದೆ, ಇವಳು ಹನಿ ಬೇಕಾ ಎನ್ನುತ್ತಿದ್ದಾಳೆ. ಇಷ್ಟು ದೊಡ್ಡ ಊರಿನಲ್ಲಿ ನಮ್ಮವಳೊಬ್ಬಳು ಸಿಕ್ಕಿಬಿಟ್ಟಳು ಎಂದು ನಾನು ಮನೆಮಾತಿನಲ್ಲೇ ಶುರು ಮಾಡಿದೆ:

"ಯಾರ್ ಮನೆ ಮಗಳು ತಾಯೀ ನೀನು? ಕಂಬಮಾ, ಕೊಂಬೈಯಾ? ಮುಖ ನೋಡಿದ್ರೆ ನಮ್ಮೋರ ಹಂಗೇ ಇದೀಯ. ನಿಮ್ಮಪ್ಪನ ಹೆಸರೇನು?"

ಸೆಲ್ವಿ ಕೆಟಲು ಹಿಡಿದುಕೊಂಡು ಹಾಗೆಯೇ ನಿಂತಳು. ಭುವನಾ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.

"ಅಪ್ಪತ್ತಾ, ಅದು ನಮ್ಮ ಹನಿ ಅಲ್ಲ. ಇಂಗ್ಲಿಷ್ ಹನಿ. ಹನಿ ಅಂದ್ರೆ ಜೇನು."

"ಕಾಪಿಗೆ ಜೇನು ಹಾಕ್ತಾರಾ?"

"ಜೇನೂ ಹಾಕಲ್ಲ. ಹೆಸರು ಮಟ್ಟುಂ, ಬರೀ ಹೆಸರು."

"ಹನಿಯೂ ಅಲ್ಲ, ಜೇನೂ ಇಲ್ಲ. ಮತ್ತೆ ಯಾಕೆ ಹಂಗೆ ಕೂಗೋದು?"

ಭುವನಾ ನನ್ನ ಪೆದ್ದುತನವನ್ನು ತಮಿಳಿಗೆ ಮಾಡಿ ಹೇಳಿದ ಮೇಲೆ ಸೆಲ್ವಿಯೂ ನಕ್ಕಳು. ಅವಳು ಮಧುರೆ ಕಡೆಯವಳು, ನಮ್ಮವಳಲ್ಲ. ಆದರೂ ಪಾಪ, ಬಿಡಿಸಿ ಹೇಳಿದಳು. ಕಾಪಿಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆಯದೆ ಹಾಗೇ ಒಣಗಿಸಿದರೆ ಅದಕ್ಕೆ ಹನಿ ಎಂದು ಹೆಸರಂತೆ.

ನನ್ನ ಬಾಯಿ ಸುಮ್ಮನಿರಲಿಲ್ಲ. "ತೊಳೆಯದೆ ಹೋದ್ರೆ ಹುಳಿ ಬರಲ್ವಾ?" ಎಂದೆ.

ಸೆಲ್ವಿ ನಗು ನಿಲ್ಲಿಸಿ ನನ್ನನ್ನು ಬೇರೆ ರೀತಿ ನೋಡಿದಳು. "ಪಾಟ್ಟಿಗೆ ಕಾಪಿ ಗೊತ್ತಾ?" ಎಂದಳು.

"ಗೊತ್ತಿತ್ತು. ನೀನು ಹುಟ್ಟೋ ಮೊದಲು."

ಅವಳು ಒಳಗಿನ ಅಲಮಾರಿಯಿಂದ ಹೊಕ್ಕುಳಿರುವ ಚೀಲವೊಂದನ್ನು ತಂದಳು. ನನ್ನ ಮೂಗಿನ ಕೆಳಗೆ ಹಿಡಿದು ಒತ್ತಿದಳು.

ಹಲಸಿನ ಹಣ್ಣು. ಹಲಸಿನ ಹಿಂದೆ ಸ್ವಲ್ಪ ಕಳ್ಳು. ಅದರ ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಡ್ರಮ್ಮಿನ ವಾಸನೆ ಚೀಲದಲ್ಲಿರಲಿಲ್ಲ, ಅದು ನನ್ನದು.

ಈಗ ಡ್ರಮ್ಮಿನ ಕತೆ. ಅದು ಪೊಂಗಲಿನ ಹಿಂದಿನ ದಿನ. ಗಂಡಸರೆಲ್ಲ ಬೆಟ್ಟ ಇಳಿದಿದ್ದರು. ಕೊನೆಯ ಕೊಯ್ಲಿನ ಹಣ್ಣು ಸಿಪ್ಪೆ ಬಿಡಿಸಿ, ನೀರಿನ ತೊಟ್ಟಿಗೆ ಹಾಕಿ, ಮಧ್ಯಾಹ್ನದ ಜೀಪಿಗೆ ಇಳಿಯುವುದು ನನ್ನದೂ ಬೊಮ್ಮಕ್ಕನದೂ ಕೆಲಸ. ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಪಲ್ಪರ್ ಎನ್ನುತ್ತಾರೆ, ಇಬ್ಬರು ಬೇಕು. ಒಬ್ಬರು ಚಕ್ರ ತಿರುಗಿಸಬೇಕು, ಒಬ್ಬರು ಹಣ್ಣು ಹಾಕಬೇಕು. ಬೆಳಿಗ್ಗೆ ಎದ್ದವಳೇ ಬೊಮ್ಮಕ್ಕ ತಲೆನೋವು ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಮೊದಲ ಜೀಪಿಗೇ ಇಳಿದುಬಿಟ್ಟಳು. ನಾನೊಬ್ಬಳೇ ಚಕ್ರಕ್ಕೂ ಹಣ್ಣಿಗೂ ಓಡಾಡಿದೆ. ಆಗಲಿಲ್ಲ. ಜೀಪಿನವನು ಹಾರನ್ ಹೊಡೆದ.

ಅಂದು ನಾನು ಉಳಿಯಬಹುದಿತ್ತು. ಉಳಿಯಲಿಲ್ಲ. ಕಾರಣ ಒಂದು ಕರು. ಮಾಟ್ಟುಪೊಂಗಲಿಗೆ, ಎಂದರೆ ಪೊಂಗಲಿನ ಮರುದಿನದ ದನಗಳ ಹಬ್ಬಕ್ಕೆ, ನಮ್ಮವರೆಲ್ಲ ಕಂಬಮಿನಲ್ಲಿರುವ ದೇವರ ಹಸುಗಳ ದೊಡ್ಡಿಗೆ ಹೋಗುತ್ತೇವೆ. ಆ ಹಸುಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ, ಅವು ದೇವರವು. ಆ ವರ್ಷ ನಮ್ಮ ಮನೆಯ ಹೋರಿಕರುವನ್ನು ಆ ದೊಡ್ಡಿಗೆ ಬಿಡುವುದೆಂದು ಆಗಿತ್ತು. ತಾಯಿ ಸತ್ತ ಕರು, ನಾನೇ ಬಟ್ಟೆ ಅದ್ದಿ ಹಾಲು ಕುಡಿಸಿದ್ದು. ಅದು ದೊಡ್ಡಿಯೊಳಗೆ ಹೋಗುವುದನ್ನು ನೋಡಬೇಕಿತ್ತು. ಹಣ್ಣನ್ನೆಲ್ಲ ನೀಲಿ ಡ್ರಮ್ಮಿಗೆ ತುಂಬಿದೆ, ಕೋತಿ ತೆಗೆಯದಿರಲಿ ಎಂದು ಮುಚ್ಚಳ ಒತ್ತಿ, ಕಬ್ಬಿಣದ ಬಳೆ ಬಿಗಿದು, ಜೀಪು ಹತ್ತಿದೆ. ಕೆಳಗೆ ಮನೆಗೆ ಬಂದರೆ ಬೊಮ್ಮಕ್ಕ ತಲೆಗೆ ನೀರು ಹಾಕಿಕೊಂಡು, ಕನಕಾಂಬರ ಮುಡಿದು, ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ತಲೆನೋವು ಎಲ್ಲಿ ಎಂದು ಕೇಳಲಿಲ್ಲ.

ಕರು ತಿರುಗಿ ನೋಡದೆ ದೊಡ್ಡಿಯೊಳಗೆ ಹೋಯಿತು. ಹಬ್ಬದ ಗಲಾಟೆಯಲ್ಲಿ ಮೂರು ದಿನ ಜೀಪು ಮೇಲೆ ಹತ್ತಲಿಲ್ಲ.

ಹೋಗಿ ಮುಚ್ಚಳ ತೆಗೆದೆ. ಬುಸ್ ಎಂದಿತು. ಹಲಸಿನ ತೊಳೆಯ ವಾಸನೆ. ನಮ್ಮ ಮಾತಿನಲ್ಲಿ ಹಲಸಿನದೂ ತೊಳೆ, ನೀರು ಹಾಕಿ ಮಾಡುವುದೂ ತೊಳೆ. ನನ್ನ ಕಾಪಿ ಎರಡನೆಯದನ್ನು ಕಾಣದೆ ಮೊದಲನೆಯದರ ವಾಸನೆ ತಂದುಕೊಂಡಿತ್ತು. ಕೆಟ್ಟಿತು ಎಂದು ತಲೆ ಹೇಳಿತು. ಮೂಗು ಹಾಗೆ ಹೇಳಲಿಲ್ಲ. ಆದರೆ ಮೂಗಿನ ಮಾತು ಕೇಳುವವರು ಯಾರು? ಯಾರಿಗೂ ಹೇಳದೆ ಸಿಪ್ಪೆಯ ಸಮೇತ ಒಣಗಿಸಿಬಿಟ್ಟೆ. ಬೋಡಿಯ ವ್ಯಾಪಾರಿ ಬೀಜ ಕಚ್ಚಿ, ಮೂಸಿ, "ಪುಳಿಚ್ಚ ಸರಕು" ಎಂದು ಮೂಟೆ ವಾಪಸು ಕಳಿಸಿದ. ಹುಳಿ ಬಂದ ಮಾಲು.

ಬೊಮ್ಮಕ್ಕ ಇರಲಿಲ್ಲ, ಒಬ್ಬಳಿಗೇ ಆಗಲಿಲ್ಲ ಎಂದು ಒಂದು ಸಲ ಹೇಳಿ ನೋಡಿದೆ. ಮಾವ ಕೇಳಿದರು: "ಮುಚ್ಚಳ ಹಾಕಿದ ಕೈ ಯಾರದು?" ಕೈ ನನ್ನದು. ಬೊಮ್ಮಕ್ಕ ಹೆಸರಿಟ್ಟಳು, ಹುಳಿಕಾಪಿ ಎಂದು. ಓಣಿಯವರು ಹಿಡಿದುಕೊಂಡರು. ವೀರಮ್ಮ ಎಂಬುದು ರೇಷನ್ ಕಾರ್ಡಿಗೆ ಮಾತ್ರ ಉಳಿಯಿತು. ನನ್ನ ಮಗನ ಮದುವೆಯಲ್ಲಿ ಬೀಗರು ಬಂದು ಹುಳಿಕಾಪಿ ಅವ್ವ ಯಾರು ಎಂದು ಕೇಳಿದರು. ಹೆಸರು ಹೋಗಲಿ. ಮರುವರ್ಷದಿಂದ ಬೆಟ್ಟದ ಕೆಲಸ ಬೊಮ್ಮಕ್ಕನಿಗೆ, ಕೆಳಗಿನ ಹುಣಸೆ, ಈರುಳ್ಳಿ ನನಗೆ ಎಂದಾಯಿತು. ಆಮೇಲೆ ನಾನು ಕಾಪಿ ಬೀಜ ಕಚ್ಚಲಿಲ್ಲ. ವಾಪಸು ಬಂದ ಮೂಟೆಯನ್ನು ಮನೆಯವರೇ ವರ್ಷವೆಲ್ಲ ಕುಡಿದು ಮುಗಿಸಿದೆವು, ಬೆಲ್ಲ ಸುರಿದು, ಹಾಲು ಸುರಿದು, ರುಚಿ ಗೊತ್ತಾಗದ ಹಾಗೆ.

ಚೆನ್ನೈಯ ಕಟ್ಟೆಯ ಮುಂದೆ ನಿಂತು ನಾನು ಸೆಲ್ವಿಯನ್ನು ಪೊಲೀಸಿನವರ ಹಾಗೆ ಕೇಳತೊಡಗಿದೆ.

"ಇದನ್ನ ಎಂಗೆ ಮಾಡಿದ್ರು?"

ಹಣ್ಣನ್ನು ಇಡಿಯಾಗಿ ಡ್ರಮ್ಮಿಗೆ ತುಂಬುತ್ತಾರೆ ಎಂದಳು.

"ಮುಚ್ಚಳ?"

"ಬಿಗಿಯಾಗಿ ಪಾಟ್ಟಿ. ಗಾಳಿ ಹೋಗಕೂಡದು."

"ಎಷ್ಟು ದಿನ?"

"ಮೂರು. ಆಮೇಲೆ ಸಿಪ್ಪೆಯ ಸಮೇತ ಒಣಗಿಸೋದು."

"ಮರೆತು ಬಿಟ್ಟುಹೋಗಿದ್ದಾ, ಬೇಕಂತಲೇ ಮಾಡಿದ್ದಾ?"

"ಬೇಕಂತಲೇ," ಎಂದಳು ಸೆಲ್ವಿ. "ಗಂಟೆ ನೋಡ್ಕೊಂಡು ಮಾಡ್ತಾರೆ. ಇದು ನಿಮ್ಮ ಕಡೆಯದೇ. ದಿಂಡುಕ್ಕಲ್ ಬೆಟ್ಟದ್ದು."

ಚೀಲದ ಮೇಲಿನ ತಮಿಳು ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಿದೆ. ಬೆಳೆದವರ ಹೆಸರು ಹಾಕಿದ್ದರು, ಯಾವುದೋ ಹೆಂಗಸು. ಬೆಟ್ಟದ ಎತ್ತರ ಹಾಕಿದ್ದರು. ಒಣಗಿಸಿದ ದಿನಗಳನ್ನೂ ಹಾಕಿದ್ದರು. ಒಣಗಿಸಿದ್ದನ್ನು ಅಚ್ಚು ಹಾಕುತ್ತಾರೆ ಎಂದರೆ ನಂಬಿ.

ಸೆಲ್ವಿ ನನಗಾಗಿ ಪುಡಿ ತೂಗಿದಳು, ನೀರು ತೂಗಿದಳು, ಗಡಿಯಾರ ನೋಡಿದಳು. ನನಗೆ ಯಾರೂ ನೀರು ತೂಗಿ ಕೊಟ್ಟಿರಲಿಲ್ಲ. ಹನಿ ಬೀಳುವುದು ನಿಲ್ಲುವ ತನಕ ನಾನು ಸೆರಗು ಹೊದ್ದು ನಿಂತಿದ್ದೆ, ಮಂಗಳಾರತಿಗೆ ನಿಂತ ಹಾಗೆ. ಹಲ್ಲಿಲ್ಲದ ಬಾಯಿ, ರುಚಿಗೆ ಅಡ್ಡ ಏನೂ ಇರಲಿಲ್ಲ. ಒಂದು ಗುಟುಕು ಕುಡಿದೆ. ಅದೇ. ನಾಲಿಗೆಯ ಅಂಚಿನಲ್ಲಿ ಹುಳಿ, ಹುಳಿ ಇಳಿದ ಮೇಲೆ ಹಲಸು, ಹಲಸು ಹೋದ ಮೇಲೆ ಗಂಟಲಲ್ಲಿ ಎಷ್ಟೋ ಹೊತ್ತು ಸಿಹಿ. ಪಕ್ಕದ ಮೇಜಿನವನೊಬ್ಬ ಕುಡಿದು, ಕಣ್ಣು ಮುಚ್ಚಿ, ಹುಳಿ ಎಷ್ಟು ಚೆನ್ನಾಗಿದೆ ಎಂದು ಜೊತೆಯವನಿಗೆ ಹೇಳುತ್ತಿದ್ದ. ಹುಳಿಯನ್ನು ಹೊಗಳುವವರೂ ಭೂಮಿಯ ಮೇಲೆ ಇದ್ದಾರೆ. ಕೊಂಬೈಯಿಂದ ಒಂದು ರಾತ್ರಿಯ ಬಸ್ಸಿನಷ್ಟು ದೂರದಲ್ಲಿ ಇದ್ದಾರೆ.

ಆದರೆ ನಾನು ಅಷ್ಟಕ್ಕೇ ಉಬ್ಬುವವಳಲ್ಲ. "ಡ್ರಮ್ಮಲ್ಲಿಟ್ಟರೆ ಹಾಳಾಗಲ್ವಾ?" ಎಂದೆ.

"ಆಗುತ್ತೆ ಪಾಟ್ಟಿ. ಸುಮಾರು ಸಲ ಹಾಳಾಗಿಯೇ ಹೋಗುತ್ತೆ. ಒಂದೊಂದು ಸಲ ಇಂಗಾಗುತ್ತೆ."

ಹಾಗಾದರೆ ನನ್ನದು ಯಾವುದು? ಹಾಳಾದದ್ದೋ, ಹೀಗಾದದ್ದೋ? ಮೂಗು ಅಂದು ಒಂದು ಹೇಳಿತ್ತು. ಆದರೆ ತಪ್ಪು ಮಾಡಿದವಳ ಮೂಗು, ಅದರ ಸಾಕ್ಷಿ ನಡೆಯುವುದಿಲ್ಲ. ಆ ಕಾಪಿ ಕುಡಿದ ಮಾವ ಇಲ್ಲ, ನನ್ನ ಗಂಡ ಇಲ್ಲ, ಭಾವ ಇಲ್ಲ. ಉಳಿದಿರುವ ನಾಲಿಗೆ ಒಂದೇ, ಬೊಮ್ಮಕ್ಕನದು. ನನ್ನನ್ನು ಸಂತೋಷಪಡಿಸಲು ಅದು ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಭುವನಾಳಿಗೆ ಆ ಚೀಲ ಕೊಡಿಸು ಎಂದೆ. ನಾನು ಅವಳ ಹತ್ತಿರ ಏನನ್ನೂ ಕೇಳಿದವಳಲ್ಲ. ಅವಳು ಕೊಡಿಸಿದಳು.

ಹೊಸ ಹಲ್ಲು ಹಾಕಿಕೊಂಡು ಊರಿಗೆ ಬಂದ ಮರುದಿನ ಬೊಮ್ಮಕ್ಕನ ಮನೆಗೆ ಹೋದೆ. ಎರಡು ಓಣಿ ಆಚೆ, ಮಗನ ಮನೆ. ಎಂಬತ್ತು ದಾಟಿದೆ, ಕಣ್ಣು ಮಂಜು, ನಾಲಿಗೆ ಚುರುಕು. ಜಗಲಿಯ ಮೇಲೆ ಕೂತು ಹುಣಸೆಯ ಬೀಜ ಬಿಡಿಸುತ್ತಿದ್ದಳು.

"ಯಾರು? ಹುಳಿಕಾಪಿಯಾ? ಹಲ್ಲು ಕಟ್ಟಿಸ್ಕೊಂಡು ಬಂದ್ಯಂತೆ. ತೋರ್ಸು." ತೋರಿಸಿದೆ. "ಜಟಕಾ ಕುದುರೆ ಹಂಗೆ ಇದೀಯ."

"ಆಗ್ಲಿ ಅಕ್ಕಾ. ಕಾಪಿ ತಂದಿದೀನಿ."

"ನಮ್ಮನೇಲಿ ಕಾಪಿ ಇಲ್ವಾ?"

ಚೀಲವನ್ನು ಅವಳ ಮೂಗಿಗೆ ಹಿಡಿದು ಹೊಕ್ಕುಳು ಒತ್ತಿದೆ. ಹುಣಸೆ ಬಿಡಿಸುತ್ತಿದ್ದ ಕೈ ನಿಂತಿತು. ಇನ್ನೊಂದು ಸಲ ಒತ್ತು ಎಂದಳು. ಒತ್ತಿದೆ.

"ನಿನ್ ಡ್ರಮ್ಮು," ಎಂದಳು.

ನಾನು ಏನನ್ನೂ ಹೇಳಿರಲಿಲ್ಲ.

ಒಳಗೆ ಹೋಗಿ ನೀರು ಕಾಯಿಸಿ, ಬಟ್ಟೆಯಲ್ಲಿ ಪುಡಿ ಹಾಕಿ, ಸೆಲ್ವಿ ಮಾಡಿದ ಹಾಗೆ ದಾರದಷ್ಟು ನೀರು ಬಿಡಲು ನೋಡಿದೆ. ನನ್ನ ಕೈಯಲ್ಲಿ ಅದು ಹಗ್ಗದಷ್ಟು ಬಿತ್ತು. ಹಾಲಿಲ್ಲ, ಬೆಲ್ಲವಿಲ್ಲ. ಲೋಟ ತಂದು ಕೊಟ್ಟೆ. ಅವಳು ಕುಡಿದಳು. ಬಾಯಲ್ಲಿ ತಿರುಗಿಸಿದಳು. ನಾನು ಬೋಡಿಯ ವ್ಯಾಪಾರಿಯ ಮುಂದೆ ಮಾವ ನಿಂತ ಹಾಗೆ ನಿಂತಿದ್ದೆ.

"ಇದೇನ್ ಹುಳಿ," ಎಂದಳು ಬೊಮ್ಮಕ್ಕ. "ನಿಂದು ಇನ್ನೂ ಹುಳಿ ಇತ್ತು. ನಿಂದು ಕುಡಿದ್ರೆ ಕಿವಿ ತನಕ ಹೋಗೋದು. ಆಮೇಲೆ ಸಂಜೆ ತನಕ ಬಾಯೆಲ್ಲ ಹಲಸಿನಣ್ಣು."

"ಅಕ್ಕಾ, ಚೆನ್ನೈಯಲ್ಲಿ ಇದನ್ನ ಬೇಕಂತಲೇ ಮಾಡ್ತಾರಂತೆ. ಡ್ರಮ್ಮು, ಮುಚ್ಚಳ, ಮೂರು ದಿನ. ನೀರು ತೂಗಿ ಕೊಡ್ತಾರೆ. ಹುಳಿ ಹೆಚ್ಚಿದ್ದಷ್ಟೂ ಕಣ್ಣು ಮುಚ್ಕೊಂಡು ಕುಡೀತಾರೆ. ಬೆಳೆದವಳ ಹೆಸರು ಅಚ್ಚು ಹಾಕ್ತಾರೆ."

ಅವಳು ಲೋಟದ ತಳದಲ್ಲಿದ್ದದ್ದನ್ನು ಕುಡಿದಳು. ಹುಣಸೆಯ ಬೀಜ ಒಂದನ್ನು ಬಿಡಿಸಿ ಆ ಕಡೆ ಹಾಕಿದಳು.

"ಅವತ್ತು ಇಬ್ಬರೂ ಇದ್ದು ಪಲ್ಪರ್ ತಿರುಗ್ಸಿದ್ರೆ ಅದು ಡ್ರಮ್ಮಿಗೆ ಹೋಗ್ತಾ ಇರ್ಲಿಲ್ಲ."

"ಇಲ್ಲ."

"ಚಕ್ರ ಬಿಟ್ಟು ಬೆಳಿಗ್ಗೆ ಜೀಪಿಗೆ ಇಳಿದವಳು ನಾನು ತಾನೇ?"

ಈ ಮಾತಿಗೆ ನಾನು ನಲವತ್ತು ವರ್ಷ ಕಾದಿದ್ದೆ. "ನೀನೇ ಅಕ್ಕಾ," ಎಂದೆ.

"ತಲೆನೋವೂ ಇರ್ಲಿಲ್ಲ."

"ಗೊತ್ತು."

ಬೊಮ್ಮಕ್ಕ ಖಾಲಿ ಲೋಟವನ್ನು ನನ್ನ ಕಡೆ ಚಾಚಿದಳು. "ಹಂಗಾದ್ರೆ ಆ ಕಾಪೀಲಿ ಅರ್ಧ ನಂದು. ಹುಯ್ಯಿ."

ಪಾತ್ರೆಯಲ್ಲಿ ಉಳಿದಿದ್ದನ್ನು ಎರಡು ಲೋಟಕ್ಕೆ ಹುಯ್ದೆ. ತಕ್ಕಡಿ ಇರಲಿಲ್ಲ. ಲೋಟ ಎರಡನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ನನ್ನದರಿಂದ ಒಂದು ಹನಿ ಅವಳದಕ್ಕೆ ಹಾಕಿದೆ.